ಬುಸ್ ಅಂದಮೇಲೆ ಏನು? ಮಕ್ಕಳ ಜೊತೆ ಗ್ಯಾಸ್ ಹುಟ್ಟಿಸಿ, ಹಿಡಿದು, ಅಳೆದು ನೋಡೋ ಪ್ರಯೋಗಗಳು

ಅಡುಗೆ ಸೋಡಾ ಮೇಲೆ ವಿನೆಗರ್ ಸುರಿದ್ರೆ ಬುಸ್ಸಂತ ನೊರೆ ಉಕ್ಕತ್ತೆ ಅನ್ನೋದು ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಗೊತ್ತಿರತ್ತೆ. ನನ್ನ ಮಗಳಿಗೆ ಆರು ವರ್ಷ ಇದ್ದಾಗ ನಾವೂ ಮಣ್ಣಲ್ಲಿ ಒಂದು ಜ್ವಾಲಾಮುಖಿ ಮಾಡಿದ್ವಿ, ಕೆಂಪು ಬಣ್ಣ ಹಾಕಿದ್ವಿ, ನೊರೆ ಉಕ್ಕಿ ಹರೀತು, ಇಬ್ರೂ ಚಪ್ಪಾಳೆ ತಟ್ಟಿದ್ವಿ. ನಾನು ಬಟ್ಟೆ ತಗೊಂಡು ಒರೆಸೋಕೆ ಶುರು ಮಾಡಿದಾಗ ಅವಳು ಜ್ವಾಲಾಮುಖಿಯ ಬಾಯಲ್ಲಿ ಉಳಿದಿದ್ದ ನೀರಲ್ಲಿ ಬೆರಳಾಡಿಸ್ತಾ "ಅಮ್ಮಾ, ಸೋಡಾ ಎಲ್ಲೋಯ್ತು?" ಅಂದ್ಲು.

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವಳಿಗೂ ಸರಿ ಅನ್ನಿಸ್ಲಿಲ್ಲ, ನನಗೂ ಅನ್ನಿಸ್ಲಿಲ್ಲ. ಗ್ಯಾಸ್ ಆಯ್ತು ಅಂದೆ, ಎಲ್ಲಿದೆ ತೋರ್ಸು ಅಂದ್ಲು, ಗಾಳಿಗೆ ಹೋಯ್ತು ಅಂದೆ. ಕಣ್ಣಿಗೆ ಕಾಣದೇ ಇರೋದನ್ನ ಮಗು ನಂಬ್ಬೇಕು ಅಂದ್ರೆ ಹೆಂಗೆ? ಅವತ್ತಿಂದ ನಾವು ಮಾಡ್ತಾ ಬಂದಿರೋದು ಒಂದೇ ಕೆಲ್ಸ, ಹುಟ್ಟಿದ ಗ್ಯಾಸನ್ನ ಬಿಟ್ಟುಬಿಡದೆ ಹಿಡಿಯೋದು, ಎಷ್ಟಿದೆ ಅಂತ ಅಳೆಯೋದು, ನೀನು ಯಾರು ಅಂತ ಅದನ್ನೇ ಕೇಳೋದು. ಈ ಬರಹದಲ್ಲಿರೋ ಎಲ್ಲ ಪ್ರಯೋಗಗಳೂ ಅದೇ ದಾರೀಲಿ ಒಂದರ ಹಿಂದೆ ಒಂದು ಹೋಗ್ತವೆ, ಆದ್ರಿಂದ ಆದಷ್ಟು ಇದೇ ಕ್ರಮದಲ್ಲಿ ಮಾಡಿ. 5 ವರ್ಷದ ಮಕ್ಕಳಿಂದ 12-13 ವರ್ಷದವರ ತನಕ ಮಾಡಬಹುದು, ಎಲ್ಲದಕ್ಕೂ ದೊಡ್ಡವರು ಒಬ್ರು ಪಕ್ಕದಲ್ಲಿ ಇರ್ಲೇಬೇಕು.

ಶುರು ಮಾಡೋ ಮುಂಚೆ, ದಯವಿಟ್ಟು ಇದನ್ನ ಓದಿ

ಗ್ಯಾಸ್ ಹುಟ್ಟೋ ಪ್ರಯೋಗಗಳಲ್ಲಿ ಅಪಾಯ ಬರೋದು ಮುಖ್ಯವಾಗಿ ಎರಡು ಕಡೆಯಿಂದ. ಮೊದಲನೇದು ಒತ್ತಡ. ಒಂದು ಟೀ ಸ್ಪೂನ್ ಸೋಡಾ ಇಂದ ಲೀಟರಿಗಿಂತ ಜಾಸ್ತಿ ಗ್ಯಾಸ್ ಬರತ್ತೆ, ಅದಕ್ಕೆ ಹೋಗೋಕೆ ದಾರಿ ಇಲ್ಲ ಅಂದ್ರೆ ಬಾಟಲ್ ಸಿಡಿಯತ್ತೆ. ಹಂಗಾಗಿ ತಿರುಗಿಸಿ ಮುಚ್ಚೋ ಮುಚ್ಚಳ ಯಾವತ್ತೂ ಹಾಕ್ಬೇಡಿ, ಗಾಜಿನ ಬಾಟಲಿಗೆ ಬಿರಡೆ ಬಿಗಿದು ಮಾಡ್ಬೇಡಿ, ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಅನ್ನ ಮುಚ್ಚಿದ ಯಾವ ಡಬ್ಬಿಗೂ ಹಾಕ್ಬೇಡಿ.

ಎರಡನೇದು ಇನ್ನೂ ದೊಡ್ಡದು, ಮನೆಯಲ್ಲಿರೋ ಕ್ಲೀನಿಂಗ್ ಸಾಮಾನು. "ಸೋಡಾ ವಿನೆಗರ್ ಸೇರಿಸಿದ್ರೆ ಗುಳ್ಳೆ ಬಂತು, ಹಂಗಾದ್ರೆ ಇದನ್ನ ಸೇರಿಸಿದ್ರೆ ಏನಾಗತ್ತೆ" ಅಂತ ಮಗು ಯೋಚಿಸೋದು ಸಹಜ, ಒಳ್ಳೇದೂ ಹೌದು, ಆದ್ರೆ ಬ್ಲೀಚಿಗೆ ವಿನೆಗರ್ ಅಥವಾ ಟಾಯ್ಲೆಟ್ ಕ್ಲೀನರಿನಂಥ ಆಸಿಡ್ ಬಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಬ್ಲೀಚಿಗೆ ಅಮೋನಿಯಾ ಇರೋ ಕ್ಲೀನರ್ ಸೇರಿದ್ರೆ ಕ್ಲೋರಮೀನ್ ಬರತ್ತೆ, ಎರಡೂ ಶ್ವಾಸಕೋಶ ಸುಡೋ ವಿಷ. ಆದ್ದರಿಂದ ನಮ್ಮನೇಲಿ ನಿಯಮ ಏನಂದ್ರೆ ಪ್ರಯೋಗದ ಸಾಮಾನು ಒಂದು ಟ್ರೇಯಲ್ಲಿ ಇರತ್ತೆ, ಟ್ರೇಯಲ್ಲಿ ಇಲ್ಲದ್ದನ್ನ ಕೇಳದೆ ಸೇರಿಸೋ ಹಾಗಿಲ್ಲ. ಇದನ್ನ ಹೆದರಿಸಿ ಹೇಳ್ಬೇಡಿ, ಕಾರಣ ಹೇಳಿ, ಮಕ್ಕಳಿಗೆ ಅರ್ಥ ಆಗತ್ತೆ.

ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕ್ಸಿ, ಕೂದಲು ಕಟ್ಟಿ, ಕಿಟಕಿ ತೆಗೆದಿಡಿ. ಪ್ರಯೋಗಕ್ಕೆ ಬಳಸಿದ್ದನ್ನ ಬಾಯಿಗೆ ಹಾಕೋ ಹಾಗಿಲ್ಲ, ಅದು ಅಡುಗೆಮನೆಯ ಸಾಮಾನೇ ಆಗಿದ್ರೂ.

ಬೇಕಾಗೋದು

ಅಡುಗೆ ಸೋಡಾ, ಬಿಳಿ ವಿನೆಗರ್ (ಲೇಬಲ್ ನೋಡಿ, 5% ಅಸಿಟಿಕ್ ಆಸಿಡ್ ಇರೋದು), ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲ್ ನಾಲ್ಕೈದು, ಬಲೂನ್, ಆಲಿಕೆ, ಅಳತೆ ಸ್ಪೂನ್, ಮಿ.ಲೀ. ಗೆರೆ ಇರೋ ಲೋಟ, ಚಿಕ್ಕ ಮೇಣದಬತ್ತಿ, ಬಳುಕೋ ಪ್ಲಾಸ್ಟಿಕ್ ಪೈಪ್ ಒಂದು ಮೀಟರ್, ಬಕೆಟ್. ಆಮೇಲಿನ ಪ್ರಯೋಗಗಳಿಗೆ ಸುಣ್ಣ, ಒಣ ಯೀಸ್ಟ್, ಸಕ್ಕರೆ, 3% ಹೈಡ್ರೋಜನ್ ಪೆರಾಕ್ಸೈಡ್, ನೀರಿಗೆ ಹಾಕಿದ್ರೆ ಗುಳ್ಳೆ ಬರೋ ಮಾತ್ರೆ, ಆಲೂಗಡ್ಡೆ, ಒಂದು ಮೊಟ್ಟೆ. ಮತ್ತೆ ಒಂದು ನೋಟ್‌ಬುಕ್. ಅದನ್ನ ಬಿಡ್ಬೇಡಿ, ಮಗು ತಾನೇ ಅಳೆದದ್ದನ್ನ ತಾನೇ ಬರೆದಾಗ ಪ್ರಯೋಗ ಅದರ ಸ್ವಂತದ್ದಾಗತ್ತೆ.

ಮೊದಲ ಹೆಜ್ಜೆ: ಗ್ಯಾಸನ್ನ ಬಲೂನಲ್ಲಿ ಹಿಡಿಯೋದು

1. ಬಾಟಲಿಗೆ 75 ಮಿ.ಲೀ. ವಿನೆಗರ್ ಅಳೆದು ಹಾಕಿ.
2. ಬಲೂನನ್ನ ಎರಡು ಸಲ ಊದಿ ಗಾಳಿ ಬಿಟ್ಟು ಸಡಿಲ ಮಾಡ್ಕೊಳಿ. ಹೊಸ ಬಲೂನ್ ಬಿಗಿಯಾಗಿರತ್ತೆ, ಗ್ಯಾಸ್ ಅರ್ಧ ಒತ್ತಡ ಅದನ್ನ ಎಳೆಯೋಕೇ ಕಳೀತದೆ.
3. ಒಣಗಿರೋ ಆಲಿಕೆ ಇಟ್ಟು ಬಲೂನಿಗೆ ಒಂದು ಟೀ ಸ್ಪೂನ್ ಸೋಡಾ ಹಾಕಿ, ಮೇಲೆ ಬೆರಳಿಂದ ಸಮ ಮಾಡಿದ ಸ್ಪೂನ್, ಸುಮಾರು 5 ಗ್ರಾಂ ಆಗತ್ತೆ.
4. ಬಲೂನ್ ಹೊಟ್ಟೆ ಪಕ್ಕಕ್ಕೆ ಜೋತುಬಿದ್ದಿರೋ ಹಾಗೆ ಹಿಡ್ಕೊಂಡು ಬಾಯನ್ನ ಬಾಟಲ್ ಕತ್ತಿಗೆ ಪೂರ್ತಿ ಏರಿಸಿ. ಈಗ್ಲೇ ಸೋಡಾ ಬೀಳಬಾರದು.
5. ಬಲೂನ್ ಎತ್ತಿ, ಕತ್ತನ್ನ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಳಿ.

ಸೋಡಾ ಒಮ್ಮೆಗೇ ಜಾರಿ ಬೀಳತ್ತೆ, ನೊರೆ ಕತ್ತಿನ ತನಕ ಏರತ್ತೆ, ಬಲೂನ್ ಮೊದಲು ನೆಟ್ಟಗೆ ನಿಲ್ಲತ್ತೆ, ಆಮೇಲೆ ಊದ್ಕೊಳತ್ತೆ. ಇಲ್ಲಿ ಸ್ವಲ್ಪ ನಿಲ್ಲಿ. ಮಗು ಕೈಯಲ್ಲಿ ಬಾಟಲಿನ ಕೆಳಭಾಗ ಮುಟ್ಟಿಸಿ, ತಣ್ಣಗಿರತ್ತೆ. ನನ್ನ ಮಗಳು ಇದನ್ನ ನಂಬ್ದೆ ಕೆನ್ನೆಗೆ ಇಟ್ಕೊಂಡು ನೋಡಿದ್ಲು, ಆಮೇಲೆ ಪ್ರಯೋಗ ಮಾಡದ ಇನ್ನೊಂದು ವಿನೆಗರ್ ಬಾಟಲನ್ನ ಇನ್ನೊಂದು ಕೆನ್ನೆಗೆ ಇಟ್ಕೊಂಡು ಹೋಲಿಸಿದ್ಲು. ಯಾರೂ ಹೇಳಿಕೊಡದೆ ಎಂಟು ವರ್ಷದ ಹುಡುಗಿ ಹೋಲಿಕೆಗೆ ಇನ್ನೊಂದು ಬಾಟಲ್ ಬೇಕು ಅಂತ ಕಂಡ್ಕೊಂಡಿದ್ದು ನನಗೆ ಇವತ್ತಿಗೂ ಖುಷಿ ಕೊಡೋ ವಿಷಯ. ಈ ರಿಯಾಕ್ಷನ್ ನಡೆಯೋಕೆ ಸುತ್ತಲಿನ ಬಿಸಿಯನ್ನ ಎಳ್ಕೊಳತ್ತೆ, ಅದಕ್ಕೇ ತಣ್ಣಗಾಗೋದು.

ಒಳಗೆ ಆಗಿದ್ದೇನು ಅಂದ್ರೆ, ಸೋಡಾ ಅಂದ್ರೆ ಸೋಡಿಯಂ ಬೈಕಾರ್ಬನೇಟ್, ಅದು ವಿನೆಗರಿನ ಆಸಿಡ್ ಜೊತೆ ಸೇರಿ ಮೊದಲು ಕಾರ್ಬಾನಿಕ್ ಆಸಿಡ್ ಆಗತ್ತೆ, ಅದು ಗಟ್ಟಿ ನಿಲ್ಲೋ ಜಾತಿ ಅಲ್ಲ, ಕೂಡ್ಲೇ ಒಡೆದು ನೀರು ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗತ್ತೆ. ಉಳಿದದ್ದು ಸೋಡಿಯಂ ಅಸಿಟೇಟ್ ಅನ್ನೋ ಉಪ್ಪು, ನೀರಲ್ಲಿ ಕರಗಿರತ್ತೆ. ಸೋಡಾ ಎಲ್ಲೋಯ್ತು ಅನ್ನೋದಕ್ಕೆ ಇದು ಉತ್ತರ, ಒಂದು ಪಾಲು ಬಲೂನಲ್ಲಿದೆ, ಇನ್ನೊಂದು ಪಾಲು ನೀರಲ್ಲಿದೆ, ಏನೂ ಕಳೆದುಹೋಗಿಲ್ಲ. 5 ಗ್ರಾಂ ಸೋಡಾ ಪೂರ್ತಿ ಕೆಲ್ಸ ಮಾಡಿದ್ರೆ ಸುಮಾರು 1.4 ಲೀಟರ್ ಗ್ಯಾಸ್ ಬರಬೇಕು, ಅದು ಸುಮಾರು 14 ಸೆಂ.ಮೀ. ಅಗಲದ ಚೆಂಡಿನಷ್ಟು ಜಾಗ. ನಿಮ್ಮ ಬಲೂನ್ ಅದಕ್ಕಿಂತ ಸ್ವಲ್ಪ ಚಿಕ್ಕದಿರತ್ತೆ, ಯಾಕಂದ್ರೆ ಸ್ವಲ್ಪ ಗ್ಯಾಸ್ ನೀರಲ್ಲೇ ಕರಗಿ ಉಳೀತದೆ, ಬಲೂನಿನ ರಬ್ಬರ್ ಕೂಡ ಅದನ್ನ ಒತ್ತಿ ಹಿಡಿದಿರತ್ತೆ.

ಜಾಸ್ತಿ ಸೋಡಾ ಹಾಕಿದ್ರೆ ಜಾಸ್ತಿ ಗ್ಯಾಸಾ?

ಎಲ್ಲ ಮಕ್ಕಳೂ ಹೌದು ಅಂತಾರೆ. ಮೊದಲು ಅವರ ಊಹೆ ಬರೆಸ್ಕೊಳಿ, ಆಮೇಲೆ ನಾಲ್ಕು ಬಾಟಲ್ ಸಾಲಾಗಿ ಇಡಿ. ಎಲ್ಲದಕ್ಕೂ 40 ಮಿ.ಲೀ. ವಿನೆಗರ್, ಅಷ್ಟೇ. ಬಲೂನಿಗೆ ಕಾಲು ಟೀ ಸ್ಪೂನ್, ಅರ್ಧ, ಮುಕ್ಕಾಲು, ಒಂದು. ಒಂದೊಂದಾಗಿ ಎತ್ತಿ.

ಮೊದಲನೇ ಬಲೂನಿಗಿಂತ ಎರಡನೇದು ಚೆನ್ನಾಗಿ ದೊಡ್ಡದಾಗತ್ತೆ, ಮೂರನೇದು ಸ್ವಲ್ಪ ಮಾತ್ರ ಜಾಸ್ತಿ, ನಾಲ್ಕನೇದು ಮೂರನೇದರಷ್ಟೇ. 40 ಮಿ.ಲೀ. ವಿನೆಗರಲ್ಲಿರೋ ಆಸಿಡ್ ಸುಮಾರು 2.8 ಗ್ರಾಂ ಸೋಡಾಗೆ ಮಾತ್ರ ಸಾಕಾಗತ್ತೆ, ಅದಕ್ಕಿಂತ ಜಾಸ್ತಿ ಹಾಕಿದ ಸೋಡಾಗೆ ಜೊತೆ ಸಿಗದೆ ಸುಮ್ನೆ ನೀರಲ್ಲಿ ಕರಗಿ ಕೂತಿರತ್ತೆ. ಇದನ್ನ ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಬಲೂನ್ ತೆಗೆದು ತೋರ್ಸಿ: ನಾಲ್ಕನೇ ಬಾಟಲಿಗೆ ಒಂದು ಚಮಚ ಹೊಸ ವಿನೆಗರ್ ಹಾಕಿದ್ರೆ ಮತ್ತೆ ಬುಸ್ ಅನ್ನತ್ತೆ, ಅಂದ್ರೆ ಸೋಡಾ ಉಳಿದಿತ್ತು. ಮೊದಲನೇ ಬಾಟಲಿಗೆ ವಿನೆಗರ್ ಹಾಕಿದ್ರೆ ಏನೂ ಆಗಲ್ಲ, ಒಂದು ಚಿಟಿಕೆ ಸೋಡಾ ಹಾಕಿದ್ರೆ ಬುಸ್ ಅನ್ನತ್ತೆ, ಅಲ್ಲಿ ಉಳಿದಿದ್ದು ಆಸಿಡ್. ದೊಡ್ಡ ಕ್ಲಾಸಲ್ಲಿ ಕಷ್ಟಪಟ್ಟು ಕಲಿಯೋ ಲಿಮಿಟಿಂಗ್ ರೀಏಜೆಂಟ್ ಅನ್ನೋ ವಿಷಯ ಇದೇ, ಹೆಸರು ಹೇಳದೇ ಇದ್ರೂ ಪರ್ವಾಗಿಲ್ಲ. ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಒಂದೇ ಒಂದು ಪ್ರಯೋಗ ಮಾಡೋಕೆ ಟೈಮ್ ಇದೆ ಅಂದ್ರೆ ಇದನ್ನೇ ಮಾಡಿ.

ಕಾಣದ ಗ್ಯಾಸನ್ನ ಸುರಿಯೋದು

ಕಾರ್ಬನ್ ಡೈಆಕ್ಸೈಡ್ ಮಾಮೂಲಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹಂಗಾಗಿ ಅದನ್ನ ನೀರಿನ ಥರ ಪಾತ್ರೆಯಲ್ಲಿ ತುಂಬಿಡಬಹುದು, ಸುರೀಬಹುದು ಕೂಡ.

ದೊಡ್ಡ ಜಗ್ಗಿಗೆ ಎರಡು ಟೀ ಸ್ಪೂನ್ ಸೋಡಾ ಹಾಕಿ, 150 ಮಿ.ಲೀ. ವಿನೆಗರ್ ನಿಧಾನಕ್ಕೆ ಸುರೀರಿ, ಒಂದೇ ಸಲ ಸುರಿದ್ರೆ ನೊರೆ ಹೊರಗೆ ಬಂದು ಗ್ಯಾಸೂ ಅದರ ಜೊತೆ ಹೋಗತ್ತೆ. ನೊರೆ ಇಳಿಯೋ ತನಕ ಕಾಯಿರಿ. ಅಷ್ಟರಲ್ಲಿ ಇನ್ನೊಂದು ಅಗಲ ಬಾಯಿಯ ಗಾಜಿನ ಲೋಟದೊಳಗೆ ಚಿಕ್ಕ ಮೇಣದಬತ್ತಿ ಇಟ್ಟು ದೊಡ್ಡವರು ಹಚ್ಚಿ. ಈಗ ಜಗ್ಗನ್ನ ಲೋಟದ ಅಂಚಿಗೆ ತಂದು ನೀರು ಸುರಿಯೋ ಹಾಗೆ ಬಗ್ಗಿಸಿ, ಆದ್ರೆ ಒಂದು ಹನಿ ದ್ರವವೂ ಬೀಳಬಾರದು. ಎರಡು ಮೂರು ಸೆಕೆಂಡಲ್ಲಿ ಜ್ವಾಲೆ ಸಣ್ಣಗಾಗಿ ಆರಿ, ಬತ್ತಿಯಿಂದ ಹೊಗೆ ಏಳತ್ತೆ, ಆ ಹೊಗೆ ಲೋಟದಲ್ಲಿ ಒಂದು ಮಟ್ಟದಲ್ಲೇ ತೇಲ್ತಾ ನಿಲ್ಲೋದು ಕಾಣ್ಸಬಹುದು, ಅದೇ ಗ್ಯಾಸಿನ ಮೇಲ್ಮಟ್ಟ. ಮಕ್ಕಳು ಇಲ್ಲಿ ಬಾಯಿ ಬಿಟ್ಕೊಂಡು ನೋಡ್ತಾರೆ, ಯಾಕಂದ್ರೆ ಜಗ್ಗಿಂದ ಏನೂ ಬಿದ್ದಿಲ್ಲ.

ನಾನು ಮೊದಲ ಸಲ ಮಾಡಿದಾಗ ಕೈ ಜಾಸ್ತಿ ಬಗ್ಗಿ ವಿನೆಗರ್ ಹನಿ ಬತ್ತಿ ಮೇಲೆ ಬಿದ್ದು ಆರೋಯ್ತು, ಮಗಳು "ಇದು ನೀರು ಬಿದ್ದು ಆರಿದ್ದು, ಗ್ಯಾಸಿಂದ ಅಲ್ಲ" ಅಂತ ಒಪ್ಪಲೇ ಇಲ್ಲ, ಅವಳು ಹೇಳಿದ್ದೇ ಸರಿ. ಮತ್ತೆ ಮಾಡಿದ್ವಿ. ಅವಳ ಅನುಮಾನ ಹೋಗಲಿ ಅಂತ ಆಮೇಲೆ ಒಂದು ಗಿಡ್ಡ, ಒಂದು ಎತ್ತರದ ಬತ್ತಿ ಆಳವಾದ ಒಂದೇ ಪಾತ್ರೆಯಲ್ಲಿ ಇಟ್ಟು, ಪಾತ್ರೆ ಅಂಚಿನಲ್ಲೇ ಗ್ಯಾಸ್ ಸುರಿದ್ವಿ, ಗಿಡ್ಡದು ಮೊದಲು ಆರ್ತು. ಗ್ಯಾಸ್ ತಳದಿಂದ ತುಂಬ್ತಾ ಬರತ್ತೆ ಅನ್ನೋದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಾದ್ರೆ ಇದನ್ನೂ ಹೇಳಿ: 1986ರ ಆಗಸ್ಟಲ್ಲಿ ಕ್ಯಾಮರೂನಿನ ನಿಯೋಸ್ ಅನ್ನೋ ಸರೋವರದ ಆಳದಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಒಮ್ಮೆಗೇ ಹೊರಗೆ ಬಂದು ಕಣಿವೆಗಳಲ್ಲಿ ನೀರಿನ ಹಾಗೆ ಹರಿದು ಸುಮಾರು 1,700 ಜನ ಉಸಿರುಗಟ್ಟಿ ಸತ್ರು. ನಮ್ಮ ಜಗ್ಗಿನ ಎರಡು ಮೂರು ಲೀಟರ್ ಗ್ಯಾಸ್ ತೆರೆದ ಕೋಣೇಲಿ ಏನೂ ಮಾಡಲ್ಲ, ಆದ್ರೂ ಜಗ್ಗಿನೊಳಗೆ ಮುಖ ಇಟ್ಟು ಉಸಿರೆಳೀಬೇಡಿ ಅಂತ ಯಾಕೆ ಹೇಳ್ತೀವಿ ಅನ್ನೋದು ಗೊತ್ತಿರಲಿ.

ನೀನು ಯಾರು ಅಂತ ಕೇಳೋದು: ಸುಣ್ಣದ ತಿಳಿನೀರು

ಬತ್ತಿ ಆರಿತು ಅಂದಮಾತ್ರಕ್ಕೆ ಅದು ಕಾರ್ಬನ್ ಡೈಆಕ್ಸೈಡೇ ಅಂತ ಆಗಲ್ಲ, ನೈಟ್ರೋಜನ್ನೂ ಬತ್ತಿ ಆರಿಸತ್ತೆ. ಗುರುತು ಹಿಡಿಯೋಕೆ ಸುಣ್ಣದ ತಿಳಿನೀರು ಬೇಕು. ಇದನ್ನ ಹಿಂದಿನ ದಿನವೇ ದೊಡ್ಡವರು ಮಾಡಿಡಿ. ಅರಳಿಸಿದ ಸುಣ್ಣ ಒಂದು ಟೀ ಸ್ಪೂನ್ ಒಂದು ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಮುಚ್ಚಿ, ರಾತ್ರಿಯೆಲ್ಲ ಅಲ್ಲಾಡಿಸದೆ ಬಿಡಿ. ಬೆಳಗ್ಗೆ ಸುಣ್ಣ ತಳದಲ್ಲಿ ಕೂತಿರತ್ತೆ, ಮೇಲಿನ ತಿಳಿಯನ್ನ ಮಾತ್ರ ನಿಧಾನಕ್ಕೆ ಬೇರೆ ಬಾಟಲಿಗೆ ಬಗ್ಗಿಸ್ಕೊಂಡು ಬಿಗಿಯಾಗಿ ಮುಚ್ಚಿಡಿ. ಲೀಟರ್ ನೀರಲ್ಲಿ ಕರಗೋದು ಎರಡು ಗ್ರಾಂ ಕೂಡ ಇಲ್ಲ, ಆದ್ರೂ ಆ ನೀರು ಸಾಕಷ್ಟು ಕ್ಷಾರವೇ, ಕಣ್ಣಿಗೆ ಬಿದ್ರೆ ಅಪಾಯ, ಹಾಗಾಗಿ ಕನ್ನಡಕ ಕಡ್ಡಾಯ. ಅರಳಿಸದೇ ಇರೋ ಸುಡುಸುಣ್ಣ ಮಾತ್ರ ಬೇಡವೇ ಬೇಡ, ಅದಕ್ಕೆ ನೀರು ತಾಗಿದ್ರೆ ಕುದಿಯೋ ಹಾಗೆ ಬಿಸಿಯಾಗತ್ತೆ.

ಬಾಟಲ್ ತೆರೆದಿಟ್ಟು ಮರೆತ್ರೆ ಮಾರನೇ ದಿನ ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿರತ್ತೆ. ನಮ್ಮನೇಲಿ ಒಂದು ಸಲ ಹಂಗಾಗಿ ನಾನು ಚೆಲ್ಲೋಕೆ ಹೋದೆ, ಆಮೇಲೆ ಹೊಳೀತು, ಆ ಕೆನೆಯೇ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡಿನ ಸುಳಿವು, ಅದನ್ನೇ ಪಾಠ ಮಾಡ್ಕೊಂಡ್ವಿ.

ಈಗ ಬಲೂನಲ್ಲಿ ಗ್ಯಾಸ್ ಹಿಡಿದು, ಕತ್ತು ಹಿಸುಕಿ ಬಾಟಲಿಂದ ತೆಗೆದು, ಪೈಪಿನ ಒಂದು ತುದಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನ ಅರ್ಧ ಲೋಟ ತಿಳಿನೀರಲ್ಲಿ ಮುಳುಗಿಸಿ ಗುಳ್ಳೆ ಗುಳ್ಳೆಯಾಗಿ ನಿಧಾನಕ್ಕೆ ಬಿಡಿ. ಸ್ಫಟಿಕದಂಥ ನೀರು ಕಣ್ಣೆದುರೇ ಹಾಲಿನ ಹಾಗೆ ಬಿಳಿಯಾಗತ್ತೆ. ಆ ಬಿಳಿ ಪುಡಿ ಕ್ಯಾಲ್ಶಿಯಂ ಕಾರ್ಬನೇಟ್, ಅಂದ್ರೆ ಸುಣ್ಣಕಲ್ಲೂ ಅಮೃತಶಿಲೆಯೂ ಯಾವುದರಿಂದ ಆಗಿದೆಯೋ ಅದೇ ವಸ್ತು. ಇನ್ನೂ ಬಿಡ್ತಾ ಹೋದ್ರೆ ಆ ಬಿಳಿ ಮತ್ತೆ ತಿಳಿಯಾಗತ್ತೆ, ಯಾಕಂದ್ರೆ ಜಾಸ್ತಿ ಗ್ಯಾಸ್ ಸೇರಿ ಅದು ಕರಗೋ ಬೈಕಾರ್ಬನೇಟ್ ಆಗತ್ತೆ. ತುಂಬ ಜನ ಬಿಳಿ ಆದ ಕೂಡ್ಲೇ ನಿಲ್ಲಿಸ್ತಾರೆ, ದಯವಿಟ್ಟು ನಿಲ್ಲಿಸ್ಬೇಡಿ, ಎರಡನೇ ಅರ್ಧವೇ ಮಕ್ಕಳಿಗೆ ಜಾಸ್ತಿ ಇಷ್ಟ ಆಗತ್ತೆ.

ಆಮೇಲೆ ಸ್ಟ್ರಾದಲ್ಲಿ ಉಸಿರು ಊದಿಸಿ. ಸ್ಟ್ರಾದ ಮೇಲ್ಭಾಗದಲ್ಲಿ ಪಿನ್ನಿಂದ ಎರಡು ತೂತು ಮಾಡಿಡಿ, ಅಕಸ್ಮಾತ್ ಎಳೆದ್ರೂ ನೀರು ಬಾಯಿಗೆ ಬರದೆ ಗಾಳಿ ಬರತ್ತೆ. ಚಿಕ್ಕ ಮಕ್ಕಳಾದ್ರೆ ದೊಡ್ಡವರೇ ಊದಿ ತೋರ್ಸಿ. ನಾವು ಬಿಡೋ ಉಸಿರಲ್ಲಿ ಸುಮಾರು 4% ಕಾರ್ಬನ್ ಡೈಆಕ್ಸೈಡ್ ಇರತ್ತೆ, ಸುತ್ತಲಿನ ಗಾಳಿಯಲ್ಲಿ 0.04% ಇರತ್ತೆ, ನೂರು ಪಟ್ಟು ವ್ಯತ್ಯಾಸ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಈ ಗ್ಯಾಸ್ ಮಾಮೂಲಿ ಗಾಳಿಗಿಂತ ಬೇರೆ ಅಂತ ತೋರಿಸಿದ್ದೂ, ಉಸಿರಲ್ಲೂ ಅದೇ ಇದೆ ಅಂತ ಕಂಡುಕೊಂಡಿದ್ದೂ ಇದೇ ಸುಣ್ಣದ ನೀರಿಂದ. ನಿಮ್ಮ ಮಗು ಮಾಡ್ತಿರೋದು ಅದೇ ಪರೀಕ್ಷೆ.

ಅಳೆಯೋದು

ಬಲೂನ್ ನೋಡಿ ದೊಡ್ಡದು ಚಿಕ್ಕದು ಅನ್ನಬಹುದು, ಸರಿಯಾದ ಲೆಕ್ಕ ಬೇಕು ಅಂದ್ರೆ ನೀರನ್ನ ತಳ್ಳಿಸಬೇಕು. ಅರ್ಧ ಲೀಟರ್ ಬಾಟಲಿಗೆ ಮೊದಲೇ ಲೋಟದಲ್ಲಿ ಅಳೆದು ಪ್ರತಿ 50 ಮಿ.ಲೀ.ಗೆ ಒಂದು ಗೆರೆ ಹಾಕಿ. ಅದನ್ನ ತುಂಬ ನೀರು ತುಂಬಿ, ಅಂಗೈ ಮುಚ್ಚಿ, ಬಕೆಟ್ ನೀರಿನೊಳಗೆ ತಲೆಕೆಳಗಾಗಿ ನಿಲ್ಲಿಸಿ ಕೈ ತೆಗೀರಿ, ನೀರು ಕೆಳಗೆ ಬೀಳಲ್ಲ. ಪೈಪಿನ ತುದಿಯನ್ನ ಅದರ ಬಾಯೊಳಗೆ ತೂರಿಸಿ. ಇನ್ನೊಂದು ತುದಿ ಗ್ಯಾಸ್ ಹುಟ್ಟೋ ಬಾಟಲಿಗೆ, ಮುಚ್ಚಳಕ್ಕೆ ತೂತು ಮಾಡಿ ಪೈಪ್ ಕೂರಿಸಿ ಸುತ್ತ ಮೆತ್ತೋ ಜೇಡಿಮಣ್ಣು ಹಚ್ಚಿ. ತಿರುಗಿಸೋ ಮುಚ್ಚಳ ಹಾಕ್ಬಹುದಾದ ಏಕೈಕ ಪ್ರಯೋಗ ಇದು, ಯಾಕಂದ್ರೆ ಪೈಪ್ ತೆರೆದಿರತ್ತೆ, ಅದು ಮಡಚಿಕೊಂಡಿಲ್ಲ ಅಂತ ಪ್ರತಿ ಸಲ ನೋಡ್ಕೊಳಿ.

1 ಗ್ರಾಂ ಸೋಡಾ (ಕಾಲು ಟೀ ಸ್ಪೂನಿಗಿಂತ ಸ್ವಲ್ಪ ಕಡಿಮೆ) ಟಿಶ್ಯೂ ಪೇಪರಲ್ಲಿ ಪೊಟ್ಟಣ ಕಟ್ಟಿ 20 ಮಿ.ಲೀ. ವಿನೆಗರಿಗೆ ಹಾಕಿ ಮುಚ್ಚಳ ಹಾಕಿ. ಪೊಟ್ಟಣ ನೆನೆದು ಬಿಚ್ಚೋಕೆ ಒಂದೆರಡು ಸೆಕೆಂಡ್ ಸಿಗತ್ತೆ, ಆ ಎರಡು ಸೆಕೆಂಡಿಗೋಸ್ಕರವೇ ಈ ಟಿಶ್ಯೂ. ಲೆಕ್ಕದ ಪ್ರಕಾರ 290 ಮಿ.ಲೀ. ಹತ್ತಿರ ಗ್ಯಾಸ್ ಬರಬೇಕು, ನಿಮಗೆ ಕಡಿಮೆಯೇ ಸಿಗತ್ತೆ. ಯಾಕೆ ಅಂತ ಮಗುವನ್ನೇ ಕೇಳಿ. ಬಕೆಟಿಗೆ ತಣ್ಣೀರಿನ ಬದ್ಲು ಉಗುರುಬೆಚ್ಚಗಿನ ನೀರು ಹಾಕಿ ಮತ್ತೆ ಮಾಡಿದ್ರೆ ಸಿಗೋ ಗ್ಯಾಸ್ ಜಾಸ್ತಿ ಆಗತ್ತೆ, ಅಲ್ಲಿಗೆ ಕಳ್ಳ ಸಿಕ್ಕ, ಗ್ಯಾಸ್ ನೀರಲ್ಲಿ ಕರಗ್ತಾ ಇತ್ತು, ತಣ್ಣೀರಲ್ಲಿ ಜಾಸ್ತಿ ಕರಗತ್ತೆ.

ಬೇರೆ ಗ್ಯಾಸ್: ಆಕ್ಸಿಜನ್

ಇಲ್ಲಿಯ ತನಕ ಬತ್ತಿ ಆರಿಸೋ ಗ್ಯಾಸ್ ನೋಡಿದ್ವಿ, ಈಗ ಬೆಂಕಿಯನ್ನ ಎಬ್ಬಿಸೋ ಗ್ಯಾಸ್. ಮೆಡಿಕಲ್ ಅಂಗಡೀಲಿ ಗಾಯ ತೊಳೆಯೋಕೆ ಸಿಗೋ 3% ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ ತಗೊಳಿ. ವಿಡಿಯೋಗಳಲ್ಲಿ ಚಾವಣಿ ತನಕ ನೊರೆ ಚಿಮ್ಮಿಸೋದು 30% ಇರೋದ್ರಿಂದ, ಅದು ಚರ್ಮ ಸುಡತ್ತೆ, ಮಕ್ಕಳಿರೋ ಕಡೆ ಅದು ಬರಲೇಬಾರದು. 1818ರಲ್ಲಿ ಫ್ರಾನ್ಸಿನ ತೆನಾರ್ ಕಂಡುಹಿಡಿದ ಈ ವಸ್ತು ತನ್ನಷ್ಟಕ್ಕೆ ತಾನೇ ನಿಧಾನವಾಗಿ ನೀರು ಮತ್ತು ಆಕ್ಸಿಜನ್ ಆಗಿ ಒಡೀತಾ ಇರತ್ತೆ, ಬೆಳಕು ಬಿದ್ರೆ ಇನ್ನೂ ಬೇಗ, ಅದಕ್ಕೇ ಬಾಟಲ್ ಕಪ್ಪು ಅಥವಾ ಕಂದು ಬಣ್ಣದ್ದು. 1 ಮಿ.ಲೀ. ಇಂದ ಸುಮಾರು 10 ಮಿ.ಲೀ. ಆಕ್ಸಿಜನ್ ಬರತ್ತೆ.

ಎತ್ತರದ ಗಾಜಿನ ಲೋಟಕ್ಕೆ 50 ಮಿ.ಲೀ. ಪೆರಾಕ್ಸೈಡ್ ಹಾಕಿ. ಒಂದು ಟೀ ಸ್ಪೂನ್ ಯೀಸ್ಟನ್ನ ಮೂರು ಚಮಚ ಬೆಚ್ಚಗಿನ ನೀರಲ್ಲಿ ಕದಡಿ ಸುರೀರಿ. ನೊರೆ ಏಳತ್ತೆ. ಒಂದು ನಿಮಿಷ ಬಿಟ್ಟು ದೊಡ್ಡವರು ಉದ್ದನೆಯ ಮರದ ಕಡ್ಡಿ ಹಚ್ಚಿ, ಜ್ವಾಲೆ ಊದಿ ಆರಿಸಿ, ತುದಿಯಲ್ಲಿ ಕೆಂಡ ಮಾತ್ರ ಇರೋ ಹಾಗೆ ಮಾಡಿ ನೊರೆಯ ಮೇಲಿನ ಖಾಲಿ ಜಾಗಕ್ಕೆ ಇಳಿಸಿ. ಕೆಂಡ ಪ್ರಕಾಶವಾಗಿ, ಫಕ್ಕನೆ ಮತ್ತೆ ಜ್ವಾಲೆಯಾಗತ್ತೆ. ತೆಗೆದು ಆರಿಸಿ ಮತ್ತೆ ಇಳಿಸಿ, ಮತ್ತೆ ಹತ್ಕೊಳತ್ತೆ. ಆಕ್ಸಿಜನ್ ತಾನು ಉರಿಯಲ್ಲ, ಉರಿಯೋದಕ್ಕೆ ಸಹಾಯ ಮಾಡತ್ತೆ ಅನ್ನೋ ಮಾತನ್ನ ಇದನ್ನ ನೋಡಿದ ಮೇಲೆ ಹೇಳಿ. ಲೋಟ ಮುಟ್ಟಿಸಿ, ಈ ಸಲ ಬೆಚ್ಚಗಿರತ್ತೆ! ಬಲೂನ್ ಪ್ರಯೋಗದಲ್ಲಿ ತಣ್ಣಗಾಗಿದ್ದು ನೆನಪಿರೋ ಮಗು ತಾನೇ ಕೇಳತ್ತೆ.

ಯೀಸ್ಟಲ್ಲಿ ಕೆಟಲೇಸ್ ಅನ್ನೋ ಎಂಜೈಮ್ ಇದೆ, ಪೆರಾಕ್ಸೈಡನ್ನ ಒಡೆಯೋದೇ ಅದರ ಕೆಲ್ಸ, ತಾನು ಮಾತ್ರ ಖರ್ಚಾಗಲ್ಲ. ಅದೇ ಎಂಜೈಮ್ ಹಸಿ ಆಲೂಗಡ್ಡೇಲೂ ಇದೆ. ಮೂರು ಲೋಟಕ್ಕೆ ಪೆರಾಕ್ಸೈಡ್ ಹಾಕಿ, ಒಂದಕ್ಕೆ ಹಸಿ ಆಲೂಗಡ್ಡೆ ತುಂಡು, ಇನ್ನೊಂದಕ್ಕೆ ಅಷ್ಟೇ ಆಲೂಗಡ್ಡೆ ತುರಿದು, ಮೂರನೇದಕ್ಕೆ ಬೇಯಿಸಿ ಆರಿಸಿದ ತುಂಡು. ತುರಿದದ್ದು ಜೋರು, ತುಂಡು ನಿಧಾನ, ಬೇಯಿಸಿದ್ದು ಸುಮ್ನೆ ಮಲಗಿರತ್ತೆ, ಬಿಸಿಗೆ ಎಂಜೈಮ್ ಹಾಳಾಗಿರತ್ತೆ.

ಬಿಸಿ, ತಣ್ಣಗೆ, ಪುಡಿ

ಗುಳ್ಳೆ ಮಾತ್ರೆಯಲ್ಲಿ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಎರಡೂ ಒಣಗಿದ ಸ್ಥಿತೀಲಿ ಒಟ್ಟಿಗೆ ಇರತ್ತೆ, ನೀರು ಸಿಗೋ ತನಕ ಜಗಳ ಶುರುವಾಗಲ್ಲ. ಫ್ರಿಜ್ ನೀರು, ಮಾಮೂಲಿ ನೀರು, ಮುಟ್ಟೋವಷ್ಟು ಬಿಸಿ ನೀರು, ಮೂರಕ್ಕೂ ಒಂದೊಂದು ಮಾತ್ರೆ ಹಾಕಿ ಸ್ಟಾಪ್‌ವಾಚ್ ಒತ್ತಿ. ಆಮೇಲೆ ಒಂದೇ ಬಿಸಿಯ ನೀರಿಗೆ ಇಡೀ ಮಾತ್ರೆ, ಪುಡಿ ಮಾಡಿದ ಮಾತ್ರೆ. ಇದರಲ್ಲಿ ವಿವರಿಸೋಕೆ ಜಾಸ್ತಿ ಏನಿಲ್ಲ, ಮಗುವೇ ಟೈಮ್ ನೋಡಿ ಬರೀಲಿ, ಗ್ರಾಫ್ ಹಾಕಲಿ.

ಇದೇ ಮಾತ್ರೆಯಿಂದ ರಾಕೆಟ್ಟೂ ಆಗತ್ತೆ. ಒತ್ತಿ ಮುಚ್ಚೋ ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ ಮೂರನೇ ಒಂದು ಭಾಗ ನೀರು, ಅರ್ಧ ಮಾತ್ರೆ, ಮುಚ್ಚಳ ಒತ್ತಿ, ತಲೆಕೆಳಗೆ ನೆಲದ ಮೇಲಿಟ್ಟು ದೂರ ಹೋಗಿ. ಬಯಲಲ್ಲೇ ಮಾಡಿ, ಎಲ್ಲರಿಗೂ ಕನ್ನಡಕ. ಹಾರದೇ ಇದ್ರೆ ಎರಡು ನಿಮಿಷ ಯಾರೂ ಹತ್ತಿರ ಹೋಗಬಾರದು, ಬಗ್ಗಿ ನೋಡೋದಂತೂ ಬೇಡ, ಕಣ್ಣಿಗೆ ಪೆಟ್ಟಾಗೋದು ಹಂಗೇ.

ಜೀವ ಇರೋ ಗ್ಯಾಸ್ ಫ್ಯಾಕ್ಟರಿ

ಬಾಟಲಿಗೆ ಒಂದು ಟೀ ಸ್ಪೂನ್ ಒಣ ಯೀಸ್ಟ್, ಎರಡು ಟೀ ಸ್ಪೂನ್ ಸಕ್ಕರೆ, 40 ಡಿಗ್ರಿ ಹತ್ತಿರದ ಬೆಚ್ಚಗಿನ ನೀರು 100 ಮಿ.ಲೀ. ಹಾಕಿ ಅಲ್ಲಾಡಿಸಿ ಬಲೂನ್ ಏರಿಸಿ. ಇದು ಸೋಡಾ ಥರ ತಕ್ಷಣ ಅಲ್ಲ, ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಬಲೂನ್ ಮೆಲ್ಲಗೆ ತಲೆ ಎತ್ತತ್ತೆ. ಯೀಸ್ಟ್ ಅಂದ್ರೆ ಜೀವಾಣು, ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಮತ್ತು ಆಲ್ಕೋಹಾಲ್ ಮಾಡತ್ತೆ. ಹೋಲಿಕೆಗೆ ಸಕ್ಕರೆ ಇಲ್ಲದ ಒಂದು ಬಾಟಲ್, ತಣ್ಣೀರಿನ ಒಂದು, ಕುದಿಯೋ ನೀರು ಹಾಕಿ ಆರಿಸಿದ ಒಂದು ಇಡಿ. ಕುದಿಯೋ ನೀರಿಂದು ಏಳೋದೇ ಇಲ್ಲ, ಯೀಸ್ಟ್ ಸತ್ತಿರತ್ತೆ. ತಣ್ಣೀರಿಂದನ್ನ ಆಮೇಲೆ ಬೆಚ್ಚಗಿನ ಜಾಗಕ್ಕೆ ಇಟ್ರೆ ಅದು ಏಳತ್ತೆ, ಸತ್ತಿದ್ದಕ್ಕೂ ನಿದ್ದೆ ಮಾಡ್ತಿದ್ದದ್ದಕ್ಕೂ ಇರೋ ವ್ಯತ್ಯಾಸ ನನ್ನ ಮಗಳಿಗೆ ತುಂಬ ಹಿಡಿಸಿತ್ತು, ರಾತ್ರಿ ಮಲಗೋ ಮುಂಚೆ ಎರಡು ಸಲ ಎದ್ದುಹೋಗಿ ಬಲೂನ್ ನೋಡ್ಕೊಂಡು ಬಂದ್ಲು.

ಈ ಬಲೂನಿನ ಗ್ಯಾಸನ್ನೂ ತಿಳಿನೀರಿಗೆ ಬಿಡಿ. ಹಾಲಾಗತ್ತೆ. ಪುಡಿಯಿಂದ ಬಂದಿದ್ದೂ ನಮ್ಮ ಉಸಿರಿಂದ ಬಂದಿದ್ದೂ ಯೀಸ್ಟಿಂದ ಬಂದಿದ್ದೂ ಒಂದೇ ಗ್ಯಾಸ್ ಅಂತ ಮಗುವಿಗೆ ಆಗ ಗೊತ್ತಾಗತ್ತೆ.

ಸರಿಯಾಗಿ ಬರ್ಲಿಲ್ಲ ಅಂದ್ರೆ

ಬಲೂನ್ ಊದ್ಕೊಳ್ಳಲಿಲ್ಲ ಅಂದ್ರೆ ಕತ್ತಿನ ಹತ್ರ ಸೋರ್ತಿರತ್ತೆ, ಸೋಪಿನ ನೀರು ಸವರಿ ನೋಡಿ, ಗುಳ್ಳೆ ಬಂದ ಕಡೆ ಸೋರಿಕೆ. ಸೋಡಾ ಬದ್ಲು ಬೇಕಿಂಗ್ ಪೌಡರ್ ಹಾಕಿದ್ರೂ ಗ್ಯಾಸ್ ಕಡಿಮೆ, ಅದರಲ್ಲಿ ಸೋಡಾ ಜೊತೆ ಒಣ ಆಸಿಡ್ ಮತ್ತು ಪಿಷ್ಟ ಇರತ್ತೆ. ಯಾವುದು ಯಾವುದು ಅಂತ ಗೊಂದಲ ಆದ್ರೆ ಬರೀ ಬಿಸಿನೀರು ಹಾಕಿ, ಚೆನ್ನಾಗಿ ಗುಳ್ಳೆ ಬಂದ್ರೆ ಬೇಕಿಂಗ್ ಪೌಡರ್. ಯೀಸ್ಟ್ ಹಳೇದಾಗಿದ್ರೆ ಎಷ್ಟು ಕಾದ್ರೂ ಏಳಲ್ಲ. ಸುಣ್ಣದ ನೀರು ಬಿಳಿ ಆಗ್ಲಿಲ್ಲ ಅಂದ್ರೆ ಬಾಟಲ್ ತೆರೆದಿಟ್ಟು ಹಳೇದಾಗಿರತ್ತೆ, ಹೊಸದು ಮಾಡಿ. ಬ್ಲ್ಯಾಕ್‌ಬೋರ್ಡ್ ಚಾಕಿಗೆ ವಿನೆಗರ್ ಹಾಕಿ ಗುಳ್ಳೆ ಬರ್ಲಿಲ್ಲ ಅಂತ ಬೇಜಾರಾಗ್ಬೇಡಿ, ಈಗಿನ ಚಾಕ್‌ಗಳಲ್ಲಿ ಎಷ್ಟೋ ಜಿಪ್ಸಂ ಇಂದ ಮಾಡಿದ್ದು, ಅದರಲ್ಲಿ ಕಾರ್ಬನೇಟ್ ಇರಲ್ಲ.

ಅದರ ಬದ್ಲು ಮೊಟ್ಟೆ ತಗೊಳಿ. ಮೊಟ್ಟೆ ಚಿಪ್ಪಿನಲ್ಲಿ ಹೆಚ್ಚಿನ ಪಾಲು ಕ್ಯಾಲ್ಶಿಯಂ ಕಾರ್ಬನೇಟೇ. ಹಸಿ ಮೊಟ್ಟೆಯನ್ನ ಲೋಟದಲ್ಲಿಟ್ಟು ಮುಳುಗೋವಷ್ಟು ವಿನೆಗರ್ ಹಾಕಿ, ಒಂದೆರಡು ನಿಮಿಷದಲ್ಲೇ ಮೈತುಂಬ ಸಣ್ಣ ಸಣ್ಣ ಗುಳ್ಳೆ ಮೂಡ್ತವೆ, ಕೆಲವು ಸಲ ಮೊಟ್ಟೆ ಅದರಿಂದಲೇ ಮೇಲೆದ್ದು ನಿಧಾನಕ್ಕೆ ತಿರುಗತ್ತೆ. ಒಂದು ದಿನ ಆದ್ಮೇಲೆ ವಿನೆಗರ್ ಬದಲಾಯಿಸಿ, ಇನ್ನೊಂದು ದಿನ ಬಿಡಿ. ನಲ್ಲಿ ನೀರಲ್ಲಿ ಬೆರಳಿಂದ ಮೆಲ್ಲಗೆ ತೊಳೆದ್ರೆ ಉಳಿದ ಬಿಳಿ ಪುಡಿ ಹೋಗಿ ಒಳಗಿನ ಪೊರೆ ಮಾತ್ರ ಉಳಿಯತ್ತೆ, ಮೆತ್ತಗೆ, ರಬ್ಬರಿನ ಹಾಗೆ. ಕೋಣೆ ಕತ್ತಲು ಮಾಡಿ ಹಿಂದಿನಿಂದ ಟಾರ್ಚ್ ಬಿಟ್ರೆ ಹಳದಿ ಲೋಳೆ ಒಳಗೆ ತೇಲೋದು ಕಾಣತ್ತೆ. ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೆಸಿ, ಹಸಿ ಮೊಟ್ಟೆಯಲ್ಲಿ ರೋಗದ ಬ್ಯಾಕ್ಟೀರಿಯಾ ಇರಬಹುದು.